ಹದಿನೇಳನೇ ಪುಟದಿಂದ ಶುರುವಾದ ಕ್ಲಾರಿನೆಟ್

ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಸದ್ದಿನ ಗುಮಾಸ್ತರು ಹೇಳಿದ ಸುಳ್ಳು ಒಂದೇ ಒಂದು. ಅದನ್ನೂ ಊಟದ ಮೇಜಿನ ಮುಂದೆ ಕೂತು, ಬಾಯಲ್ಲಿ ತುತ್ತು ಇರುವಾಗ, ಹನ್ನೊಂದು ಜನ ನೆಂಟರ ಎದುರಿಗೆ ಹೇಳಿದರು. ಸುಳ್ಳು ಹೇಳಿ ರೂಢಿಯಿಲ್ಲದವರು ಮಾಡುವ ತಪ್ಪೇ ಅದು. ರೂಢಿಯಿದ್ದವರು ಅಷ್ಟು ಸಾಕ್ಷಿ ಇಟ್ಟುಕೊಂಡು ಹೇಳುವುದಿಲ್ಲ.

ಸದ್ದಿನ ಗುಮಾಸ್ತರು ಎಂಬುದು ಅವರ ಹುದ್ದೆಯೂ ಹೌದು, ಅಡ್ಡಹೆಸರೂ ಹೌದು. ನಗರಸಭೆಯಲ್ಲಿ ಸದ್ದಿನ ದೂರುಗಳಿಗೆಂದೇ ಒಂದು ಮೇಜಿತ್ತು, ಆ ಮೇಜಿಗೆ ಇವರಿದ್ದರು. ಪಕ್ಕದ ಮನೆಯ ನಾಯಿ, ಮೇಲಿನ ಮನೆಯ ಸುತ್ತಿಗೆ, ಎದುರು ಮನೆಯ ಗಂಡ ಹೆಂಡತಿ, ಯಾರ ಸದ್ದು ಯಾರಿಗೆ ತಡೆಯಲಾಗದಿದ್ದರೂ ದೂರು ಇಲ್ಲಿಗೆ ಬರಬೇಕು. ಗುಮಾಸ್ತರು ರಸೀದಿ ಕೊಟ್ಟು, ಸದ್ದಳೆಯುವ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಹೋಗಿ, ದೂರು ಕೊಟ್ಟವರ ಕೋಣೆಯಲ್ಲೇ ನಿಂತು ಅಂಕಿ ನೋಡಿ ನಮೂನೆ ತುಂಬಬೇಕು. ಯಂತ್ರವನ್ನು ಮುಟ್ಟುವ ಅಧಿಕಾರ ಇದ್ದದ್ದು ಇಬ್ಬರಿಗೆ, ಇವರಿಗೆ ಮತ್ತು ಇವರ ಸಾಹೇಬರಿಗೆ. ಸಾಹೇಬರು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಅದನ್ನು ಮುಟ್ಟಿರಲಿಲ್ಲ.

ಇನ್ನು ಸುಳ್ಳಿನ ವಿಷಯ. ಹೆಂಡತಿಯ ಅಪ್ಪ, ಅಂದರೆ ಮಾವನವರು, ನಿವೃತ್ತ ಬ್ಯಾಂಡ್ ಮಾಸ್ತರು. ನಲವತ್ತು ಜನರ ಬ್ಯಾಂಡನ್ನು ಬೈದು ಬೈದೇ ತಿದ್ದಿದವರು. ಚಿಕ್ಕ ಅಳಿಯ, ಅಂದರೆ ಗುಮಾಸ್ತರ ಷಡ್ಡಕ, ಔಷಧಿ ಕಂಪನಿಯ ಮಾರಾಟಗಾರ. ಅವತ್ತು ಮಾವನ ಮನೆಯ ಊಟದ ನಡುವೆ ಅವನು ಜೇಬಿನಿಂದ ಮೌತ್ ಆರ್ಗನ್ ತೆಗೆದು ಒಂದು ಧಾಟಿ ನುಡಿಸಿದ. ಮಾವನವರು ಚಮಚೆಯಿಂದ ತಟ್ಟೆಗೆ ತಾಳ ಹಾಕಿ "ಭೇಷ್!" ಅಂದರು.

ಆ ಒಂದು ಮಾತಿಗಾಗಿಯೇ ಗುಮಾಸ್ತರು ಕಾದಿದ್ದರು. ಇಪ್ಪತ್ತನಾಲ್ಕು ವರ್ಷದಲ್ಲಿ ಮಾವನವರು ಅವರಿಗೆ ಹೇಳಿದ್ದು ಒಂದೇ ಪದ: "ಪಾಪ." "ದೊಡ್ಡ ಅಳಿಯ, ಪಾಪ, ಒಳ್ಳೆಯವನು." "ಪಾಪ, ಅವನ ಪಾಡಿಗೆ ಅವನಿರ್ತಾನೆ." ಬೈದಿದ್ದರೂ ಬೇಸರವಿರಲಿಲ್ಲ. ಆದರೆ ಮಾವನವರು ಬೈಯುತ್ತಿದ್ದದ್ದು ಲೆಕ್ಕಕ್ಕಿರುವವರನ್ನು ಮಾತ್ರ.

"ಊದೋದೇನು ದೊಡ್ಡ ವಿಷಯ?" ಎಂದುಬಿಟ್ಟರು ಗುಮಾಸ್ತರು. "ಚಿಕ್ಕಂದಿನಲ್ಲಿ ನಾನೂ ಊದ್ತಿದ್ದೆ."

ಅವರು ಚಿಕ್ಕಂದಿನಲ್ಲಿ ಊದಿದ್ದು ಒಲೆಯನ್ನು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾವನವರು ಎದ್ದು ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿದ್ದ ಒಂದು ಉದ್ದ ಪೆಟ್ಟಿಗೆ ತಂದು ತಟ್ಟೆಯ ಪಕ್ಕ ಇಟ್ಟರು. ಅದು ಅವರ ಸ್ವಂತ ಕ್ಲಾರಿನೆಟ್.

"ಇನ್ನು ಮೂರು ತಿಂಗಳಿಗೆ ನನಗೆ ಎಂಬತ್ತು ತುಂಬುತ್ತೆ. ಅವತ್ತು ನಮ್ಮ ಬ್ಯಾಂಡಿನ ಕೊನೇ ಧಾಟಿ ಇದೆಯಲ್ಲ, ಅದನ್ನ ನುಡಿಸು. ನುಡಿಸಿದ್ರೆ ಇದು ನಿಂದು. ಇಲ್ದಿದ್ರೆ ಚಿಕ್ಕೋನಿಗೆ. ನಾನು ಹೋಗೋದ್ರೊಳಗೆ ಇದು ಒಬ್ಬರ ಕೈ ಸೇರ್ಬೇಕು."

"ಕಲಿಸೋರು ಬೇಕಾ ಭಾವ?" ಎಂದ ಷಡ್ಡಕ ನಗುತ್ತ.

"ಬೇಡ," ಅಂದರು ಗುಮಾಸ್ತರು. ಇದು ಸುಳ್ಳಿನ ಬಡ್ಡಿ.

ಮನೆಗೆ ಬಂದು ಪೆಟ್ಟಿಗೆ ತೆಗೆದರೆ ಒಳಗೆ ಕ್ಲಾರಿನೆಟ್ ಇರಲಿಲ್ಲ, ಐದು ಕಪ್ಪು ತುಂಡುಗಳಿದ್ದವು. ಯಾವುದು ತಲೆ ಯಾವುದು ಬಾಲ ತಿಳಿಯದೆ ಅವರು ಎರಡು ಸಂಜೆ ಒದ್ದಾಡಿ, ಕೊನೆಗೆ ಉದ್ದವಾದ ಒಂದೇ ವಸ್ತು ಆಗುವಂತೆ ಜೋಡಿಸಿದರು. ನೋಡಲು ಕ್ಲಾರಿನೆಟ್ಟಿನ ಹಾಗೇ ಇತ್ತು. ಊದಿದರೆ ಮಾತ್ರ ಬಾಗಿಲಿಗೆ ಬಾಲ ಸಿಕ್ಕಿದ ಬೆಕ್ಕಿನ ಸ್ವರ ಬಂತು.

ಮಾರನೆಯ ದಿನ ಕಚೇರಿಯಲ್ಲಿ ಈ ಸಂಕಟ ಹೇಳಿಕೊಂಡಾಗ ರೆಕಾರ್ಡ್ ರೂಮಿನವರು ಒಂದು ತೆಳ್ಳನೆಯ ಪುಸ್ತಕ ಕೊಟ್ಟರು. ಝೆನ್ ದಾರಿಯಲ್ಲಿ ವಾದ್ಯ ಕಲಿಯುವ ಬಗೆಯಂತೆ. ರಕ್ಷಾಪುಟದಲ್ಲಿ ಬೋಳುತಲೆಯ ಸನ್ಯಾಸಿಯೊಬ್ಬ ಕಣ್ಣು ಮುಚ್ಚಿ ಕೊಳಲು ಹಿಡಿದಿದ್ದ. ಮೊದಲ ಹದಿನಾರು ಪುಟ ಮಾತ್ರ ಇರಲಿಲ್ಲ. "ಇಲಿ ತಿಂದಿದೆ. ಆದ್ರೆ ಮುಖ್ಯವಾದ್ದೆಲ್ಲ ಮುಂದೆ ಇದೆ," ಎಂದು ಅವರು ಭರವಸೆ ಕೊಟ್ಟರು.

ಹದಿನೇಳನೆಯ ಪುಟದ ಮೊದಲ ಸಾಲು ಹೀಗಿತ್ತು: "ಇದೆಲ್ಲ ಆದ ಮೇಲೆ, ಕಲಿತದ್ದನ್ನೆಲ್ಲ ಮರೆತುಬಿಡು."

ಗುಮಾಸ್ತರ ಕಣ್ಣಲ್ಲಿ ನೀರು ಬಂತು. ಜನ ಹತ್ತು ವರ್ಷ ಕಲಿತು, ಆಮೇಲೆ ಹತ್ತು ವರ್ಷ ಮರೆಯಬೇಕಾದದ್ದನ್ನು ಅವರು ಆಗಲೇ ಮುಗಿಸಿದ್ದರು! ಕಲಿತದ್ದು ಏನೂ ಇಲ್ಲದ್ದರಿಂದ ಮರೆಯುವ ಶ್ರಮವೂ ಇರಲಿಲ್ಲ. ಹದಿನೆಂಟನೆಯ ಪುಟದಲ್ಲಿ "ತಪ್ಪು ಸ್ವರ ಎಂಬುದಿಲ್ಲ, ಅದು ಬಾಗಿಲಿಗೆ ಬಂದ ಅತಿಥಿ" ಎಂದಿತ್ತು. ಇಪ್ಪತ್ತೊಂದರಲ್ಲಿ "ಊದುವವನು ಇಲ್ಲವಾದಾಗ ನಾದ ತಾನಾಗಿ ಬರುತ್ತದೆ" ಎಂದಿತ್ತು. ಇಷ್ಟು ಅನುಕೂಲವಾದ ಶಾಸ್ತ್ರವನ್ನು ಅವರು ಜನ್ಮದಲ್ಲೇ ಓದಿರಲಿಲ್ಲ.

ಅಂದಿನಿಂದ ಪ್ರತಿ ಸಂಜೆ ಐದೂವರೆಯಿಂದ ಆರೂವರೆ ಸಾಧನೆ. ನಡುಮನೆಯಲ್ಲಿ ಚಾಪೆ ಹಾಸಿ, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದರು. ಅತಿಥಿಗಳು ಹಿಂಡು ಹಿಂಡಾಗಿ ಬಂದರು, ಒಬ್ಬರೂ ವಾಪಸು ಹೋಗಲಿಲ್ಲ.

"ರೀ, ಸ್ವಲ್ಪ ನಿಲ್ಸ್ತೀರಾ?" ಎಂದಳು ಹೆಂಡತಿ ಮೂರನೆಯ ದಿನ.

"ನಾನು ಊದ್ತಿಲ್ಲ ಕಣೇ. ಊದುವಿಕೆ ತಾನಾಗಿ ನಡೀತಿದೆ."

"ಹಾಗಾದ್ರೆ ಅದಕ್ಕೇ ಹೇಳಿ ನಿಲ್ಸೋಕೆ."

ಝೆನ್ ಪುಸ್ತಕದಲ್ಲಿ ಹೆಂಡತಿಯ ಮಾತಿಗೆ ಉತ್ತರ ಇರಲಿಲ್ಲ. ಬಹುಶಃ ಅದು ಇಲಿ ತಿಂದ ಭಾಗದಲ್ಲಿತ್ತು. ಆಕೆ ಕೆಳಗಿನ ಮಹಡಿಗೆ ಹೋಗಿ ಹಲ್ಲಿನ ಡಾಕ್ಟರ ಹತ್ತಿರ ಎರಡು ಉಂಡೆ ಹತ್ತಿ ಕೇಳಿ ತಂದು ಕಿವಿಗೆ ಇಟ್ಟುಕೊಂಡಳು. ಪಾಪ, ಡಾಕ್ಟರು ಯಾಕೆ ಏನು ಅಂತ ಕೇಳದೆ ಕೊಟ್ಟರು. ಆಮೇಲೆ ಆ ಹತ್ತಿ ಮೂರು ತಿಂಗಳು ಅವಳ ಕಿವಿಯಲ್ಲೇ ಉಳಿಯಿತು.

ಕಚೇರಿಯಲ್ಲೂ ಝೆನ್ ಹರಡಿತು. ಪಕ್ಕದ ಮನೆಯ ನಾಯಿ ಬೊಗಳುತ್ತದೆ ಎಂದು ಒಬ್ಬ ಹೆಂಗಸು ದೂರು ತಂದಾಗ ಗುಮಾಸ್ತರು ಪೆನ್ನು ಕೆಳಗಿಟ್ಟು ಕೇಳಿದರು: "ತಾಯಿ, ನಾಯಿ ಬೊಗಳದೇ ಇರುವಾಗ ಆ ಸದ್ದು ಎಲ್ಲಿರುತ್ತೆ?"

"ಅದರ ಬಾಯಲ್ಲೇ ಇರುತ್ತೆ, ಇನ್ನೆಲ್ಲಿ?"

"ನಿಮ್ಮ ಕಿವಿಯಲ್ಲಿ ಇರಬಹುದಲ್ವಾ?"

ಆಕೆ ಅವರನ್ನು ಮೇಲಿಂದ ಕೆಳಗೆ ನೋಡಿ, ದೂರಿನ ಕಾಗದ ಮಡಚಿಕೊಂಡು, "ನಾಯೀನೇ ವಾಸಿ," ಎಂದು ಹೊರಟುಹೋದಳು. ಹೀಗೆಯೇ ದಿನಕ್ಕೆ ನಾಲ್ಕಾರು ಜನ ಹೋದರು. ಬಾಕಿ ಫೈಲುಗಳು ಇಳಿದವು. ಸಾಹೇಬರು ಮೇಜಿನ ಹತ್ತಿರ ಬಂದು, "ಏನಯ್ಯಾ, ಊರೇ ಶಾಂತವಾಗಿಬಿಟ್ಟಿದೆಯಲ್ಲ!" ಎಂದು ಮೆಚ್ಚಿಕೊಂಡರು.

ಊರು ಶಾಂತವಾಗಿತ್ತೋ ಏನೋ, ಕೆಳಮಹಡಿ ಶಾಂತವಾಗಿರಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹಲ್ಲಿನ ಡಾಕ್ಟರ ಕ್ಲಿನಿಕ್ ತೆರೆಯುವುದೂ ಐದೂವರೆಗೇ. ಹೊರಗಿನ ಬೆಂಚಿನ ಮೇಲೆ ಕೆನ್ನೆ ಹಿಡಿದುಕೊಂಡು ಜನ ಕೂತಿರುತ್ತಿದ್ದರು. ಒಳಗೆ ಒಬ್ಬ ರೋಗಿ ಕುರ್ಚಿ ಹತ್ತುತ್ತಿದ್ದ, ಬಾಗಿಲು ಮುಚ್ಚುತ್ತಿತ್ತು. ಸರಿಯಾಗಿ ಆಗಲೇ ಮೇಲಿನಿಂದ ಮೊದಲ ಅತಿಥಿ ಬರುತ್ತಿದ್ದ. ಆ ಚೀತ್ಕಾರ ಬಂದದ್ದು ಮಹಡಿಯಿಂದ ಎಂದು ಬೆಂಚಿನ ಮೇಲಿದ್ದವರಿಗೆ ಹೇಗೆ ಗೊತ್ತಾಗಬೇಕು? ಒಬ್ಬ ಮುದುಕರು, "ಇಷ್ಟು ವರ್ಷ ಇದ್ದ ಹಲ್ಲು, ಇನ್ನೆರಡು ದಿನ ಇರಲಿ ಬಿಡಿ," ಎಂದು ಎದ್ದು ಹೋದರು. ಅವರ ಹಿಂದೆ ಬೆಂಚೇ ಖಾಲಿಯಾಯಿತು. ಎರಡು ತಿಂಗಳಲ್ಲಿ ಆ ಡಾಕ್ಟರಿಗೆ ಇಡೀ ಬಡಾವಣೆಯಲ್ಲಿ ಕಟುಕನೆಂಬ ಹೆಸರು ಬಂತು. ನಿಜಕ್ಕೂ ಅವರು ನೊಣಕ್ಕೂ ನೋವು ಮಾಡದ ಮನುಷ್ಯ.

ಡಾಕ್ಟರು ಮೊದಲು ಮೇಲೆ ಬಂದು ಕೈಮುಗಿದು ಕೇಳಿಕೊಂಡರು. ಗುಮಾಸ್ತರು ಅಷ್ಟೇ ವಿನಯದಿಂದ, "ಡಾಕ್ಟ್ರೇ, ಕಚೇರಿಯ ವಿಷಯ ಕಚೇರಿಯಲ್ಲಿ. ಲಿಖಿತವಾಗಿ ಕೊಡಿ," ಎಂದರು. ಇಪ್ಪತ್ತೆರಡು ವರ್ಷದ ನೌಕರಿಯ ಅಭ್ಯಾಸ, ನಾಲಿಗೆ ತಾನಾಗಿ ಹೇಳಿತು. ಮಾರನೆಯ ದಿನ ಡಾಕ್ಟರು ಲಿಖಿತವಾಗಿಯೇ ಕೊಟ್ಟರು. ಗುಮಾಸ್ತರು ತಮ್ಮ ಮೇಲಿನ ದೂರಿಗೆ ತಾವೇ ಸಂಖ್ಯೆ ಹಾಕಿ, ಮುದ್ರೆ ಒತ್ತಿ, ರಸೀದಿ ಹರಿದುಕೊಟ್ಟರು. ಡಾಕ್ಟರು ರಸೀದಿಯನ್ನೂ ಅವರ ಮುಖವನ್ನೂ ಒಂದೆರಡು ಸಲ ನೋಡಿದರು.

"ಸ್ಥಳ ತನಿಖೆಗೆ ಯಾರು ಬರ್ತಾರೆ?"

"ನಾನೇ ಬರ್ತೀನಿ. ನಾಳೆ ಐದೂವರೆಗೆ. ಸದ್ದು ನಡೆಯುವ ಹೊತ್ತಿಗೇ ಬರಬೇಕು ಅಂತ ನಿಯಮ."

ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಯಿದೆ. ಆದರೆ ಮೇಯ್ದ ಬೇಲಿ ತಾನೇ ಪಂಚನಾಮೆ ಬರೆದ ಸಂಗತಿ ಯಾವ ಗಾದೆಯಲ್ಲೂ ಇಲ್ಲ. ಮಾರನೆಯ ದಿನ ಗುಮಾಸ್ತರು ಯಂತ್ರವನ್ನು ಕ್ಲಿನಿಕ್ಕಿನ ಮೇಜಿನ ಮೇಲಿಟ್ಟು ಮೇಲೆ ಹೋದರು. ಕ್ಲಾರಿನೆಟ್ ಎತ್ತಿ ಒಂದು ದೊಡ್ಡ ಉಸಿರು ಊದಿ, ಅದನ್ನು ಚಾಪೆಯ ಮೇಲಿಟ್ಟು, ಇಪ್ಪತ್ತೆರಡು ಮೆಟ್ಟಿಲು ಓಡಿ ಇಳಿದು, ಏದುಸಿರು ಬಿಡುತ್ತ ಅಂಕಿ ನೋಡಿದರು. ಏನೂ ಇಲ್ಲ. ಮತ್ತೆ ಹತ್ತಿದರು, ಊದಿದರು, ಇಳಿದರು. ಏನೂ ಇಲ್ಲ.

"ಅಯ್ಯೋ, ಈಗ ತಾನೇ ಬಂತಲ್ರೀ! ಮುಳ್ಳು ಅಲ್ಲಿವರೆಗೂ ಹೋಗಿತ್ತು!" ಎಂದು ಡಾಕ್ಟರು ಕೂಗಿದರು.

"ನೀವು ನೋಡಿದ್ದು ಲೆಕ್ಕಕ್ಕಿಲ್ಲ ಡಾಕ್ಟ್ರೇ. ನಾನು ನೋಡ್ಬೇಕು."

"ಹಾಗಾದ್ರೆ ನೀವು ಇಲ್ಲೇ ನಿಂತು ನೋಡಿ!"

"ನಾನು ಇಲ್ಲೇ ನಿಂತ್ರೆ ಅಲ್ಲಿ ಊದೋರು ಯಾರು?"

ಮೂರು ಸಲ ಅಳೆಯಬೇಕೆಂದು ನಿಯಮ, ಅವರು ಮೂರು ಸಲವೂ ಅಳೆದರು. ಒಂದಿಷ್ಟೂ ಮೋಸ ಮಾಡಲಿಲ್ಲ. ನಮೂನೆಯಲ್ಲಿ "ಸದ್ದು ಕಂಡುಬಂದಿಲ್ಲ" ಎಂದು ಬರೆದು ಸಹಿ ಹಾಕುವಾಗ ಮೈ ಜುಮ್ಮೆಂದಿತು. ಊದುವವನು ಇಲ್ಲವಾಗಬೇಕು ಎಂದಿತ್ತಲ್ಲ ಪುಸ್ತಕ? ತಾವು ಕೇಳಲು ಬಂದಾಗಲೆಲ್ಲ ಊದುವವನು ಇಲ್ಲವಾಗುತ್ತಿದ್ದ! ಇದಕ್ಕಿಂತ ಸಿದ್ಧಿ ಬೇಕೆ? ಅವರು ಈ ಸಂತೋಷವನ್ನು ಡಾಕ್ಟರೊಂದಿಗೆ ಹಂಚಿಕೊಳ್ಳಲು ಹೋದರು. ಡಾಕ್ಟರು ರೋಗಿಯ ಕುರ್ಚಿಯಲ್ಲಿ ತಾವೇ ಮಲಗಿ ಕಣ್ಣು ಮುಚ್ಚಿಕೊಂಡಿದ್ದರು.

ಕಣ್ಣು ತೆರೆದವರೇ ಸೀದಾ ಸಾಹೇಬರ ಹತ್ತಿರ ಹೋದರು. ಸಾಹೇಬರು ಗುಮಾಸ್ತರನ್ನು ಕರೆಸಿದರು.

"ಈ ಭಾನುವಾರ ಹನ್ನೊಂದಕ್ಕೆ ನಾನೇ ಬರ್ತೀನಿ. ನಾನು ಕೆಳಗೆ ಯಂತ್ರ ಹಿಡ್ಕೊಂಡಿರ್ತೀನಿ, ನೀನು ಮೇಲೆ ಊದು. ಅಂಕಿ ಮೇಲೆ ಹೋದ್ರೆ ವಾದ್ಯ ಕಚೇರಿಗೆ ಜಮಾ."

ಗುಮಾಸ್ತರು ಗೋಡೆಯ ಕ್ಯಾಲೆಂಡರ್ ನೋಡಿದರು. ಅದೇ ಭಾನುವಾರ ಮಾವನವರ ಎಂಬತ್ತು. ಊಟಕ್ಕೆಂದು ನೆಂಟರೆಲ್ಲ ಇವರ ಮನೆಗೇ ಬರುವವರಿದ್ದರು. ಮಾವನವರ ಜೀವದಂಥ ವಾದ್ಯವನ್ನು ಅವರ ಕಣ್ಣೆದುರಿಗೇ ಚೀಟಿ ಅಂಟಿಸಿ ಕಚೇರಿಗೆ ಒಯ್ದರೆ? ಅದು ಷಡ್ಡಕನಿಗೂ ಇಲ್ಲ, ಇವರಿಗೂ ಇಲ್ಲ, ರೆಕಾರ್ಡ್ ರೂಮಿನ ಇಲಿಗಳಿಗೆ. ಅಂದು ಮೊದಲ ಸಲ ಅವರಿಗೆ ಝೆನ್ ಪುಸ್ತಕದ ಮೇಲೆ ಸಣ್ಣ ಅನುಮಾನ ಬಂತು.

ಭಾನುವಾರ ನಡುಮನೆ ತುಂಬಿತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮಾವನವರು, ಅವರ ಹಿಂದೆ ಷಡ್ಡಕ, ಜೇಬಿನಲ್ಲಿ ಮೌತ್ ಆರ್ಗನ್. ಅಡಿಗೆಮನೆಯ ಬಾಗಿಲಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡ ಹೆಂಡತಿ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಸಾಹೇಬರು ಬಂದರು. ಅವರ ಎಡಗೆನ್ನೆ ಊದಿಕೊಂಡಿತ್ತು. "ರಾತ್ರಿಯಿಂದ ಹೀಗಿದೆ," ಎಂದು ಗೊಣಗಿ, ಯಂತ್ರ ಎತ್ತಿಕೊಂಡು ಕೆಳಗಿಳಿದರು.

ಗಡಿಯಾರ ಹನ್ನೊಂದು ಹೊಡೆಯಿತು. ಗುಮಾಸ್ತರು ಕ್ಲಾರಿನೆಟ್ ಎತ್ತಿದರು. ಕಣ್ಣು ಮುಚ್ಚಿ, ಕೆನ್ನೆ ತುಂಬ ಗಾಳಿ ತುಂಬಿಕೊಂಡು, ಧಾಟಿ ತಾನಾಗಿ ಬರಲೆಂದು ಕಾದರು. ಬರಲಿಲ್ಲ. ಇನ್ನೂ ಕಾದರು. ಯಾರೋ ಕೆಮ್ಮಿದರು. ಆಗ ಬಂತು ನೋಡಿ!

ಎತ್ತರದ, ನೀಳವಾದ, ಎಲ್ಲೂ ಒಡೆಯದ ಒಂದು ಸ್ವರ ಕೋಣೆಯನ್ನೆಲ್ಲ ತುಂಬಿ, ಮೇಲಕ್ಕೇರಿ, ಅಲ್ಲೇ ಒಂದು ಕ್ಷಣ ನಿಂತು, ನಡುಗುತ್ತ ಇಳಿಯಿತು.

"ಭೇಷ್!" ಎಂದು ಮಾವನವರು ಕುರ್ಚಿಯಿಂದ ಅರ್ಧ ಎದ್ದರು. "ಭೇಷ್ ಅಳಿಯಂದ್ರೇ! ಏನು ದಮ್ಮು!"

ನೆಂಟರು ಚಪ್ಪಾಳೆ ಹೊಡೆದರು. ಷಡ್ಡಕನ ಮುಖ ಸಣ್ಣದಾಯಿತು. ಗುಮಾಸ್ತರು ಕಣ್ಣು ತೆರೆದರು. ಕೆನ್ನೆಯಲ್ಲಿ ಗಾಳಿ ಹಾಗೇ ಇತ್ತು, ಒಂದು ತೊಟ್ಟೂ ಖರ್ಚಾಗಿರಲಿಲ್ಲ. ಒಂದೇ ಒಂದು ಗಳಿಗೆ ಅವರು ನಂಬಿದರು: ಊದುವವನು ಇಲ್ಲವಾದ, ನಾದ ತಾನಾಗಿ ಬಂತು! ಆದರೆ ಆ ನಾದದಲ್ಲಿ ಎಲ್ಲೋ ಪರಿಚಯದ ಛಾಯೆಯಿತ್ತು. ಹನ್ನೆರಡು ವರ್ಷ "ಫೈಲ್ ಎಲ್ಲಯ್ಯಾ?" ಎಂದು ಹಜಾರದ ಆ ತುದಿಯಿಂದ ಈ ತುದಿಗೆ ಕೂಗಿದ ಗಂಟಲು ಅದು. ಹೇಗೂ ಬಂದಿದ್ದೀರಿ, ನೋಡೇಬಿಡೋಣ ಎಂದು ಡಾಕ್ಟರು ಸಾಹೇಬರನ್ನು ಕುರ್ಚಿಯಲ್ಲಿ ಕೂರಿಸಿ, "ಇದು ನೋವಾ?" ಎಂದು ಹಲ್ಲಿಗೆ ಮೆಲ್ಲಗೆ ತಟ್ಟಿದ್ದರಂತೆ.

ಇಪ್ಪತ್ತನಾಲ್ಕು ವರ್ಷ ಕಾದ ಮಾತು ಕೈಗೆ ಬಂದಿತ್ತು. ಸುಮ್ಮನಿದ್ದರೆ ಸಾಕಿತ್ತು, ವಾದ್ಯವೂ ಅವರದು, ಮಾತೂ ಅವರದು. ಗುಮಾಸ್ತರ ಕೆನ್ನೆಯ ಗಾಳಿ ಪುಸ್ಸೆಂದು ಹೊರಗೆ ಹೋಯಿತು.

"ಮಾವ, ಅದು ನಾನಲ್ಲ," ಎಂದರು. "ನಮ್ಮ ಸಾಹೇಬ್ರು."

"ಏನು?"

"ಕೆಳಗೆ ಅವರ ಹಲ್ಲು ನೋಡ್ತಿದಾರೆ. ನಾನು ಇನ್ನೂ ಊದೇ ಇಲ್ಲ. ನನಗೆ ಊದೋಕೆ ಬರಲ್ಲ ಮಾವ. ಚಿಕ್ಕಂದಿನಲ್ಲೂ ಊದಿರ್ಲಿಲ್ಲ. ಅವತ್ತು ಸುಳ್ಳು ಹೇಳ್ದೆ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಗಿ ಡಾಕ್ಟರು ಯಂತ್ರವನ್ನು ಎತ್ತಿ ಹಿಡಿದು ಓಡಿ ಬಂದರು. ಮುಟ್ಟಬಾರದೆಂಬ ನಿಯಮವೂ, ಕೂಗಿದ್ದು ಯಾರೆಂಬುದೂ ಅವರಿಗೆ ಮರೆತೇಹೋಗಿತ್ತು. "ನೂರಾ ನಾಲ್ಕು! ಸಾಹೇಬ್ರೇ ಕಣ್ಣಾರೆ ನೋಡಿದಾರೆ! ಬರೀರಿ ಸಾರ್, ನೂರಾ ನಾಲ್ಕು!"

ಹಿಂದೆಯೇ ಸಾಹೇಬರು ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಂದರು. ನಮೂನೆಯಲ್ಲಿ "ಸದ್ದಿನ ಮೂಲ: ವ್ಯಕ್ತಿಯ ಹೆಸರು ಮತ್ತು ಹುದ್ದೆ" ಎಂಬ ಕಲಮಿನ ಮೇಲೆ ಅವರ ಕಣ್ಣು ಬಿತ್ತು. ಅವರು ಗುಮಾಸ್ತರ ಕಡೆ ನೋಡಿದರು. ಗುಮಾಸ್ತರು ನೆಲ ನೋಡಿದರು. ಸಾಹೇಬರು ಪೆನ್ನು ಇಸಿದುಕೊಂಡು, "ಸದ್ದು ಕಂಡುಬಂದಿಲ್ಲ" ಎಂದು ದಪ್ಪ ಅಕ್ಷರದಲ್ಲಿ ಬರೆದು, ಸಹಿ ಹಾಕಿ, ಕೆನ್ನೆ ಹಿಡಿದುಕೊಂಡು ಹೊರಟುಹೋದರು. ಡಾಕ್ಟರು ಬಾಗಿಲ ಬಳಿಯ ಚಪ್ಪಲಿಗಳ ಪಕ್ಕದಲ್ಲೇ ಕುಸಿದು ಕೂತರು.

ಗುಮಾಸ್ತರು ಕ್ಲಾರಿನೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮಾವನವರ ತೊಡೆಯ ಮೇಲಿಟ್ಟರು. ಇನ್ನು "ಪಾಪ" ಎನ್ನುತ್ತಾರೆ ಎಂದು ಕಿವಿ ಗಟ್ಟಿ ಮಾಡಿಕೊಂಡು ನಿಂತರು. ಮಾವನವರು ವಾದ್ಯವನ್ನು ತಿರುಗಿಸಿ ನೋಡಿದರು. ಬಾಯಿಗಿಡುವ ತುಂಡನ್ನು ಮುಟ್ಟಿದರು. ಅವರ ಮುಖ ಕೆಂಪಾಯಿತು.

"ಯಾವ ಕತ್ತೆ ಇದನ್ನ ಜೋಡಿಸಿದ್ದು?"

"ನಾನೇ ಮಾವ."

"ಮೂತಿ ತಲೆಕೆಳಗಾಗಿದೆಯಲ್ಲೋ! ಈ ಬೆತ್ತದ ಪಟ್ಟಿ ಕೆಳತುಟಿಗೆ ಬರ್ಬೇಕು, ನೀನು ಮೂಗಿಗೆ ಕೊಟ್ಟಿದೀಯ! ಮೂರು ತಿಂಗಳು ಹೀಗೇ ಊದಿದ್ಯಾ? ಕಣ್ಣಿರ್ಲಿಲ್ವಾ? ನನ್ನೊಂದು ಮಾತು ಕೇಳೋಕೆ ಬಾಯಿರ್ಲಿಲ್ವಾ? ಎರಡು ಬೀದಿ ಆಚೆ ಇದೀನಿ, ಬದುಕಿದೀನಿ!"

"ಪುಸ್ತಕದಲ್ಲಿ..." ಎಂದರು ಗುಮಾಸ್ತರು.

ಮಾವನವರು ಪುಸ್ತಕ ಇಸಿದುಕೊಂಡು ಕೊನೆಯ ಪುಟ ತೆಗೆದು ಓದಿದರು: "ಮೊದಲ ಅಧ್ಯಾಯದಲ್ಲಿ ಹೇಳಿದಂತೆ ಗುರುವಿನ ಬಳಿ ಹತ್ತು ವರ್ಷ ಕಲಿಯದವನು ಈ ಪುಸ್ತಕವನ್ನು ಮುಟ್ಟಬಾರದು." ಓದಿ, ಅದನ್ನು ಷಡ್ಡಕನ ಕೈಗೆ ಕೊಟ್ಟು, "ಎಸಿ ಇದನ್ನ," ಎಂದರು. ಆಮೇಲೆ ಮೂತಿಯನ್ನು ತಿರುಗಿಸಿ ಸರಿಮಾಡಿ, ಗುಮಾಸ್ತರ ಗಲ್ಲ ಹಿಡಿದು ಎತ್ತಿದರು. "ನೆಟ್ಟಗೆ ನಿಲ್ಲು. ಕೆನ್ನೆ ಉಬ್ಬಿಸ್ಬೇಡ, ಕಪ್ಪೆ ಅಲ್ಲ ನೀನು. ಕಣ್ಣು ತೆಗಿ! ಉಸಿರು ಹೊಟ್ಟೆಯಿಂದ. ಮೆಲ್ಲಗೆ. ಹೂಂ."

ಗುಮಾಸ್ತರು ಒಂದು ಬೈಗುಳವನ್ನೂ ಬಿಡದೆ ಕೇಳಿಸಿಕೊಂಡರು. ಆನಂದದಿಂದ. ಅವರು ಮೆಲ್ಲಗೆ ಊದಿದರು.

ಒಂದು ಸ್ವರ ಬಂತು. ಒಂದೇ. ದೊಡ್ಡದೇನಲ್ಲ, ಕೊನೆಗೆ ಸ್ವಲ್ಪ ವಾಲಿತು ಕೂಡ. ಆದರೆ ಅದು ದುಂಡಗೆ, ಬೆಚ್ಚಗೆ ಇತ್ತು. ಬಾಗಿಲ ಬಳಿ ಕೂತಿದ್ದ ಡಾಕ್ಟರು ತಲೆಯೆತ್ತಿ, "ಇದು ಅದೇ ವಾದ್ಯನಾ?" ಎಂದು ಕೇಳಿದರು.

"ವಾಲ್ತಿದೆ, ಕತ್ತೆ," ಎಂದರು ಮಾವನವರು. "ನಾಳೆ ಬೆಳಿಗ್ಗೆ ಆರಕ್ಕೆ ಮನೆಗೆ ಬಾ. ಇದನ್ನೂ ತಗೊಂಡು ಬಾ, ನಿಂದೇ ಅಲ್ವಾ."

ಅಡಿಗೆಮನೆಯ ಬಾಗಿಲಲ್ಲಿ ಹೆಂಡತಿ ಎಡಗಿವಿಯ ಹತ್ತಿ ತೆಗೆದಳು. ಆಮೇಲೆ ಬಲಗಿವಿಯದನ್ನೂ ತೆಗೆದು, ಎರಡನ್ನೂ ಸೆರಗಿನ ತುದಿಗೆ ಕಟ್ಟಿಕೊಂಡು, ಗಂಡನ ಎದುರಿಗೆ ಬಂದು ನಿಂತಳು.

"ರೀ," ಎಂದಳು, "ಇನ್ನೊಂದ್ಸಲ ಊದಿ."